ಧೂಳಿನ ಹೊಣೆ ಯಾರದು?

ಮಳೆಗಾಲಕ್ಕೆ ಮುನ್ನ ಬೀಸುವ ಬಿರುಗಾಳಿ ರಾಯಚೂರು ಸೀಮೆಗೆ ಹೊಸದಲ್ಲ. ಸಿಂಧನೂರು ತಾಲೂಕಿನ ಜವಳಗೇರಾದಂತಹ ಊರುಗಳಲ್ಲಿ ಏಪ್ರಿಲ್-ಮೇ ತಿಂಗಳ ಸಂಜೆ ಮೋಡ ಕವಿದಾಗ, ಮೊದಲ ಹನಿಗಿಂತ ಮುಂಚೆಯೇ ಧೂಳು ಬಂದು ಬೀದಿಯನ್ನು ಮುಸುಕುವುದುಂಟು. ಜನರು ಗಾಳಿಯನ್ನು ಶಪಿಸುತ್ತಾರೆ. ಮರುದಿನ ಅಂಗಳ ಗುಡಿಸಿ ಮರೆಯುತ್ತಾರೆ. ಆ ಧೂಳು ಯಾರದು ಎಂದು ಕೇಳುವವರು ವಿರಳ.

ಮಳೆಮೋಡದಲ್ಲಿ ತಣ್ಣಗಾಗಿ ಭಾರವಾದ ಗಾಳಿ ರಭಸದಿಂದ ಕೆಳಗಿಳಿದು ನೆಲದ ಮೇಲೆ ಹರಡುತ್ತದೆ. ಇದು ನಿಸರ್ಗದ ಕಾರ್ಯ. ಆದರೆ ಗಾಳಿ ಧೂಳನ್ನು ಸೃಷ್ಟಿಸದು. ನೆಲದ ಮೇಲೆ ಸಡಿಲವಾಗಿ ಬಿದ್ದುದನ್ನು ಎತ್ತುತ್ತದೆ, ಅಷ್ಟೆ. ಹೊದಿಕೆ, ತೇವ ಮತ್ತು ಮರಗಳಿದ್ದಲ್ಲಿ ಅದೇ ಗಾಳಿ ಬಹುಮಟ್ಟಿಗೆ ಬರಿಗೈಯಲ್ಲಿ ಸಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಈ ಸೀಮೆಯನ್ನು ಭತ್ತದ ಕಣಜವಾಗಿಸಿತು. ಕೊಯ್ಲಿನ ನಂತರ ಕೂಳೆಗೆ ಬೆಂಕಿಯಿಟ್ಟು, ಒಣಗಿದ ಎರೆಮಣ್ಣನ್ನು ಯಂತ್ರದಿಂದ ಪುಡಿಗೈದು, ಬದುವಿನ ಬೇವು-ಹೊಂಗೆಗಳನ್ನು ಕಡಿದರೆ ಅದೇ ನೆಲ ಬೆತ್ತಲಾಗುತ್ತದೆ. ಕಚ್ಚಾ ರಸ್ತೆ, ಹೊದಿಕೆಯಿಲ್ಲದ ಲಾರಿ, ಗಿರಣಿಯ ಹೊಟ್ಟು-ತೌಡು ಇವೂ ಗಾಳಿಯ ಕೈಗೆ ಸರಕು ಒದಗಿಸುತ್ತವೆ.

ಇದರ ಫಲ ಕಣ್ಣುರಿಗೆ ಮುಗಿಯುವುದಿಲ್ಲ. ದಪ್ಪ ಕಣಗಳನ್ನು ಮೂಗು ತಡೆಯಬಲ್ಲದು. ಆದರೆ ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಉಬ್ಬಸವುಳ್ಳವರು, ಹಸುಳೆಗಳು, ವೃದ್ಧರು, ಹೃದ್ರೋಗಿಗಳು ಹೆಚ್ಚು ಬಳಲುತ್ತಾರೆ. ಹೊಲವೂ ಬಡವಾಗುತ್ತದೆ, ಏಕೆಂದರೆ ಗಾಳಿ ಮೊದಲು ಒಯ್ಯುವುದು ಸತ್ತ್ವಭರಿತವಾದ ನುಣ್ಣನೆಯ ಮೇಲ್ಮಣ್ಣನ್ನೇ. ಅಮೆರಿಕದಲ್ಲಿ ಹುಲ್ಲುಗಾವಲನ್ನು ಮಿತಿಮೀರಿ ಉತ್ತ ನಂತರ ಬರಗಾಲ ಬಂದಾಗ, 1934ರ ಮೇ ತಿಂಗಳಲ್ಲಿ ಒಳನಾಡಿನ ಮಣ್ಣು ನ್ಯೂಯಾರ್ಕ್ ನಗರದವರೆಗೆ ಹಾರಿಹೋಯಿತು. ಮರುವರ್ಷವೇ ಅಲ್ಲಿನ ಸರ್ಕಾರ ಮಣ್ಣು ಸಂರಕ್ಷಣೆಗೆ ಪ್ರತ್ಯೇಕ ಇಲಾಖೆಯನ್ನು ಸ್ಥಾಪಿಸಬೇಕಾಯಿತು.

ಇಲ್ಲಿ ಧರ್ಮದ ಪ್ರಶ್ನೆ ಏಳುತ್ತದೆ. ಯಾರನ್ನೂ ನೋಯಿಸುವ ಉದ್ದೇಶವಿಲ್ಲದವನಿಗೆ ದೋಷ ತಗಲುವುದೇ? ಹಿಂಸೆಯ ಮೂಲ ದ್ವೇಷ ಮಾತ್ರವಲ್ಲ, ಪ್ರಮಾದವೂ ಹೌದೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕವು ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜನವಾಗಿ ಕೆಣಕುವುದನ್ನೂ ಸಸ್ಯಗಳನ್ನು ಕಡಿಯುವುದನ್ನೂ ಅನರ್ಥದಂಡದೊಳಗೆ ಎಣಿಸುತ್ತದೆ. ರೈತನ ಬೆಂಕಿ ನಿಷ್ಪ್ರಯೋಜನವಲ್ಲ ಎಂಬ ಆಕ್ಷೇಪ ಬರಬಹುದು. ಎರಡು ಬೆಳೆಗಳ ನಡುವೆ ಅವನಿಗಿರುವ ಅವಧಿ ಅಲ್ಪ, ಕೂಲಿ ದುಬಾರಿ. ಆಕ್ಷೇಪ ನ್ಯಾಯವಾದುದೇ. ಆದರೆ ಅದರಿಂದ ಹೊಣೆ ಅಳಿಯುವುದಿಲ್ಲ. ಆ ಭತ್ತವನ್ನು ಕೊಂಡು ಲಾಭ ಪಡೆಯುವವರಿಗೂ ಅದು ಹಂಚಿಹೋಗುತ್ತದೆ. ಖರ್ಚೊಂದನ್ನು ತನ್ನ ಖಾತೆಯಲ್ಲಿ ಬರೆಯದೆ ಬೇರೊಬ್ಬನ ಖಾತೆಗೆ ಸಾಗಿಸುವ ವರ್ತಕನನ್ನು ಪ್ರಾಮಾಣಿಕನೆಂದು ಯಾರೂ ಕರೆಯರು. ಗಿರಣಿಯ ಹಮಾಲನ ಕೆಮ್ಮು, ಕಸ ಗುಡಿಸುವ ಹೆಂಗಸಿನ ಉಬ್ಬಸ ಇವು ಹಾಗೆ ಸಾಗಿಸಿದ ಖರ್ಚುಗಳು. ಲಾಭದ ಲೆಕ್ಕದಲ್ಲಿ ಅವು ಕಾಣುವುದಿಲ್ಲ. ತೆರುವವರು ಮಾತ್ರ ಇದ್ದೇ ಇರುತ್ತಾರೆ.

ಪರಿಹಾರಗಳು ಅಸಾಧ್ಯವಾದುವಲ್ಲ. ಹುಲ್ಲನ್ನು ಸುಡದೆ ಮೇವಿಗೆ ಕಟ್ಟಿಡುವುದು, ಕೂಳೆಯನ್ನು ಹೊದಿಕೆಯಾಗಿ ಉಳಿಸುವುದು, ಗಾಳಿಗೆ ಅಡ್ಡಲಾಗಿ ಬದುವಿನಲ್ಲಿ ಮರ ಬೆಳೆಸುವುದು ರೈತನ ಪಾಲಿನವು. ಮರಗಳ ಸಾಲು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗಾದರೂ ಗಾಳಿಯ ವೇಗವನ್ನು ತಗ್ಗಿಸಬಲ್ಲದು. ಹುಲ್ಲು ಕಟ್ಟುವ ಯಂತ್ರದ ಬಾಡಿಗೆಯಲ್ಲಿ ಪಾಲು ಕೊಡುವುದು, ಲಾರಿಗೆ ತಾಡಪತ್ರಿ ಹೊದಿಸುವುದು, ಗಿರಣಿಯ ಧೂಳನ್ನು ಹೊರಬಿಡದೆ ಹಿಡಿದಿಡುವುದು, ಹಮಾಲರಿಗೆ ಮುಖಗವಸು ಒದಗಿಸುವುದು ವರ್ತಕನ ಪಾಲಿನವು. ಬಿರುಗಾಳಿ ಬೀಸುವಾಗ ಬಾಗಿಲು-ಕಿಟಕಿ ಮುಚ್ಚಿ ಒಳಗಿರುವುದು, ಮೂಗು-ಬಾಯಿಗೆ ಬಟ್ಟೆ ಕಟ್ಟುವುದು, ಉಬ್ಬಸದ ಔಷಧವನ್ನು ಕೈಗೆಟಕುವಲ್ಲಿ ಇಡುವುದು ಎಲ್ಲರಿಗೂ ಹಿತ.

ಗಾಳಿಯನ್ನು ನಿಲ್ಲಿಸುವ ಶಕ್ತಿ ಮನುಷ್ಯನಿಗಿಲ್ಲ. ಆದ್ದರಿಂದ ಗಾಳಿಯ ಬಗ್ಗೆ ಅವನಿಗೆ ಹೊಣೆಯೂ ಇಲ್ಲ. ಅದರ ಮುಂದೆ ನೆಲವನ್ನು ಬೆತ್ತಲೆ ಬಿಡುವುದು, ಬಿಡದಿರುವುದು ಮಾತ್ರ ಅವನ ಕೈಯಲ್ಲಿದೆ. ಹೊಲದ ಬದುವಿಗೆ ಒಡೆತನ ಮುಗಿಯಬಹುದು, ಹೊಣೆ ಮುಗಿಯದು.