ಕಲೆ ಮತ್ತು ಕಳೆ

ಹಳೆಯ ವಸ್ತುವೊಂದನ್ನು ದುರಸ್ತಿಗೊಳಿಸುವವನಿಗೆ ಅದರಲ್ಲಿ ಎಷ್ಟನ್ನು ಅಳಿಸುವ ಹಕ್ಕಿದೆ? ಸೋರೆಬುರುಡೆಯ ಹಳೆಯ ಪೈಪುಗಳನ್ನು ಹಸನುಗೊಳಿಸುವ ಹವ್ಯಾಸಿಗಳ ಕೆಲಸವನ್ನು ಕುರಿತು ಯೋಚಿಸುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಹೊಗೆ ಸೇದುವ ಪೈಪಿಗೂ ಸೋರೆಗೂ ಎಲ್ಲಿಯ ನಂಟು ಎಂದು ಓದುಗರು ಕೇಳಬಹುದು. ನಮ್ಮ ಹಳ್ಳಿಗಳ ಮಕ್ಕಳು ಒಣಗಿದ ಸೋರೆಬುರುಡೆಯನ್ನು ಕಟ್ಟಿಕೊಂಡು ಈಜು ಕಲಿತವರು. ದಕ್ಷಿಣ ಆಫ್ರಿಕದಲ್ಲಿ ಅದೇ ಬಳ್ಳಿಯ ಕಾಯಿಯ ಕತ್ತನ್ನು ಎಳೆಯದಿರುವಾಗಲೇ ಬಾಗಿಸಿ ಬೆಳೆಸಿ, ಒಣಗಿಸಿ, ಕಲಬಾಶ್ ಪೈಪುಗಳನ್ನು ಮಾಡಿದರು. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದ ತರುವಾಯ ಇವು ಬ್ರಿಟನ್ನಿನಲ್ಲಿ ಪ್ರಸಿದ್ಧವಾದವು. ಚಿತ್ರಕಾರರು ಷರ್ಲಾಕ್ ಹೋಮ್ಸನ ಬಾಯಿಗೆ ಇದನ್ನೇ ಇಡುತ್ತಾರೆ. ಕಾನನ್ ಡಾಯ್ಲ್ ಬರೆದ ಕತೆಗಳಲ್ಲಿ ಮಾತ್ರ ಇದರ ಸುಳಿವಿಲ್ಲ!

ಬುರುಡೆಯ ಬಾಯಿಗೆ ಬೆಂಡಿನದೊಂದು ಬಳೆ, ಅದರೊಳಗೆ ಮೀರ್‌ಷಾಮ್ ಎಂಬ ಬಿಳಿಯ ಹಗುರ ಖನಿಜದ ಬಟ್ಟಲು. ಈ ಖನಿಜಕ್ಕೆ ಟರ್ಕಿಯ ಎಸ್ಕಿಶೆಹಿರ್ ಹೆಸರುವಾಸಿ. ಹೊಗೆಯು ಬಟ್ಟಲಿನಿಂದ ಇಳಿದು, ಬುರುಡೆಯ ಟೊಳ್ಳಿನಲ್ಲಿ ತಣಿದು, ಬಾಯಿಗೆ ಬರುತ್ತದೆ. ವರ್ಷಗಳು ಉರುಳಿದಂತೆ ಬಿಳಿಯ ಬಟ್ಟಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಸಂಗ್ರಾಹಕರು ಬೆಲೆ ಕೊಡುವುದು ಆ ಬಣ್ಣಕ್ಕೇ. ಟೊಳ್ಳಿನೊಳಗಾದರೋ ಕಪ್ಪು ಜಿಡ್ಡು ಕಟ್ಟಿರುತ್ತದೆ. ಹೊರಗೆ ಕಳೆ ತಂದದ್ದೂ ಒಳಗೆ ಕೊಳೆ ತುಂಬಿದ್ದೂ ಒಂದೇ ಹೊಗೆ.

ಜಿಡ್ಡನ್ನು ಮದ್ಯಸಾರದಲ್ಲಿ ಅದ್ದಿದ ಹತ್ತಿಯಿಂದ ತೆಗೆಯುತ್ತಾರೆ. ಬಟ್ಟಲನ್ನು ನೆನೆಹಾಕುವಂತಿಲ್ಲ, ಅದು ತೇವವನ್ನು ಹೀರಿ ಮೆತ್ತಗಾಗುತ್ತದೆ. ಒಣಗಿ ಪುಡಿಯಾದ ಬೆಂಡನ್ನು ಬದಲಿಸುತ್ತಾರೆ. ಬಾಯಿಗಿಡುವ ತುದಿ ವಲ್ಕನೈಟ್ ಎಂಬ ಗಡಸು ರಬ್ಬರಿನದಾಗಿದ್ದರೆ, ಬೆಳಕು ತಾಗಿ ಹಸಿರುಗಂದಾದ ಅದರ ಮೇಲ್ಮೈಯನ್ನು ನುಣುಪಾದ ಉಪ್ಪುಕಾಗದದಿಂದ ಉಜ್ಜಿ ಮತ್ತೆ ಕಪ್ಪಾಗಿಸುತ್ತಾರೆ. ತೊಡಕು ಇರುವುದು ಇಲ್ಲಿಯೇ. ಆ ತುದಿಯಲ್ಲಿ ಹಳೆಯ ಒಡೆಯನ ಹಲ್ಲಿನ ಗುರುತುಗಳಿರುತ್ತವೆ. ಇನ್ನಷ್ಟು ಉಜ್ಜಿದರೆ ಅವೂ ಮಾಯವಾಗುತ್ತವೆ.

ಹಾಗೆ ಮಾಯ ಮಾಡಿ, ಯಾರೂ ಬಳಸದ ವಸ್ತುವೆಂದು ಮಾರುವುದು ನೇರ ಮೋಸ. ಅದರ ಚರ್ಚೆ ಬೇಡ. ಕಷ್ಟದ ಪ್ರಸಂಗ ಬೇರೆಯಿದೆ. ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡ ತಂದೆಯ ಪೈಪು ಮಗನ ಕೈಗೆ ಬಂದಿತೆಂದು ಊಹಿಸಿಕೊಳ್ಳೋಣ. ಅವನು ಅದನ್ನು ಎಸೆದರೆ ನಾನು ತಪ್ಪೆನ್ನಲಾರೆ. ಆದರೆ ಹಲ್ಲಿನ ಗುರುತುಗಳನ್ನೆಲ್ಲ ಉಜ್ಜಿ, ಹೊಳಪೇರಿಸಿ, ಗಾಜಿನ ಕಪಾಟಿನಲ್ಲಿ ಅಲಂಕಾರಕ್ಕಿಟ್ಟರೆ ನನ್ನ ಮನಸ್ಸು ಒಪ್ಪುವುದಿಲ್ಲ. ದುಡಿದು ಬಂದು ಸಂಜೆ ಜಗಲಿಯಲ್ಲಿ ಕುಳಿತಿರುತ್ತಿದ್ದ ತಂದೆಯೂ, ಕೊನೆಯ ತಿಂಗಳುಗಳಲ್ಲಿ ಅನ್ನ ನುಂಗಲಾರದೆ ಹೋದ ತಂದೆಯೂ ಆ ಗುರುತುಗಳಲ್ಲಿ ಒಟ್ಟಿಗೇ ಇದ್ದಾರೆ. ಒಬ್ಬರನ್ನು ಉಳಿಸಿಕೊಂಡು ಇನ್ನೊಬ್ಬರನ್ನು ಅಳಿಸಲು ಯಾವ ಉಪ್ಪುಕಾಗದಕ್ಕೂ ಸಾಧ್ಯವಿಲ್ಲ.

ಹಾಗೆಂದು ಇದ್ದುದನ್ನೆಲ್ಲ ಇದ್ದಂತೆಯೇ ಪೂಜಿಸಬೇಕೆಂದೂ ಅಲ್ಲ. ಜಿಡ್ಡು ವಿಷ, ದುರ್ವಾಸನೆ. ಅದಕ್ಕೆ ಯಾರ ಗೌರವವೂ ಸಲ್ಲಬೇಕಿಲ್ಲ, ಹೋಗಲಿ. ಬೆಂಡು ಸಡಿಲವಾಗಿದ್ದರೆ ಬಟ್ಟಲು ಜಾರಿಬಿದ್ದು ಒಡೆದೀತು, ಹೊಸದು ಬರಲಿ. ಹಲ್ಲು ಆಳಕ್ಕಿಳಿದು ತೂತಾಗಿದ್ದರೆ ತುಂಬಿಬಿಡಲಿ. ಉಳಿದ ಗುರುತುಗಳ ಬಳಿ ಮಗನ ಕೈ ನಿಲ್ಲಲಿ. ಹೊಗೆಸೊಪ್ಪನ್ನಂತೂ ಅದಕ್ಕೆ ಮತ್ತೆ ತುಂಬದಿರಲಿ.

ಒಂದು ದಿನ ಅವನ ಮಗಳು ಆ ಗುರುತುಗಳ ಮೇಲೆ ಬೆರಳಿಟ್ಟು, "ಇದೇನಪ್ಪಾ?" ಎಂದು ಕೇಳುತ್ತಾಳೆ. ತಾತ ಎಂಥವರಾಗಿದ್ದರೆಂದು ಹೇಳಲು ಅವನು ತೊಡಗುತ್ತಾನೆ. ಅವರು ಹೇಗೆ ಸತ್ತರೆಂಬುದನ್ನೂ ಹೇಳಬೇಕಾಗುತ್ತದೆ.