ಸುವರ್ಣ ಪರಿಮಾಣ ಮತ್ತು ಕೋಲಾರದ ಗಣಿ

ಶ್ರಾವಕನ ಐದನೆಯ ಅಣುವ್ರತವು ಪರಿಗ್ರಹ ಪರಿಮಾಣ. ತತ್ತ್ವಾರ್ಥಸೂತ್ರವು ಅದರ ಅತಿಚಾರಗಳನ್ನು ಹೇಳುವಾಗ ಹೊಲ-ಮನೆಗಳ ಜೊತೆಯಲ್ಲಿ ಹಿರಣ್ಯ-ಸುವರ್ಣಗಳನ್ನೂ ಹೆಸರಿಸುತ್ತದೆ. ಎಷ್ಟು ಚಿನ್ನ ಇರಬೇಕೆಂಬ ಮಿತಿಯನ್ನು ವ್ರತಿಗಳು ಹಾಕಿಕೊಳ್ಳುತ್ತ ಬಂದಿದ್ದಾರೆ. ಆ ಚಿನ್ನ ಎಲ್ಲಿಂದ ಬಂತು ಎಂಬುದನ್ನು ಕೇಳಿದವರು ಕಡಿಮೆ. ಇತ್ತ, ಶ್ರಾವಕನಿಗೆ ಸಲ್ಲದ ಹದಿನೈದು ಖರಕರ್ಮಗಳಲ್ಲಿ ಭೂಮಿಯನ್ನು ಅಗೆದು ಸೀಳಿ ಜೀವಿಸುವ ಸ್ಫೋಟಕರ್ಮವೂ ಸೇರಿದೆ. ಗಣಿ ತೋಡುವುದು ಸಲ್ಲದೆಂದಾದರೆ, ತೋಡಿ ತೆಗೆದುದನ್ನು ಕೊಳ್ಳುವುದು ಸಲ್ಲುವುದೆ?

ಟೇಕಲ್ ಕಡೆಯ ಒಂದು ವರ್ತಕ ಕುಟುಂಬಕ್ಕೆ ಈ ಪ್ರಶ್ನೆ ಎದುರಾದುದು ಮೊಮ್ಮಗಳ ಮದುವೆಗೆ ಮುನ್ನ, ಎಲ್ಲರೂ ಕೂಡಿ ಕೆ.ಜಿ.ಎಫ್. ನೋಡಲು ಹೋದಾಗ. ಟೇಕಲ್‌ನಲ್ಲಿ ರೈಲು ಹತ್ತಿದರೆ ಬಂಗಾರಪೇಟೆ. ಅಲ್ಲಿಂದ ಕವಲು ಹಳಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಕಾಲಿಟ್ಟ ಮೇಲೆ ಬೆಳೆದ ಪಟ್ಟಣವಿದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ, ಬೆಂಗಳೂರಿಗಿಂತ ಮೊದಲೇ, ಈ ಗಣಿಗಳನ್ನು ಮುಟ್ಟಿತು. ಒಂದು ಕಡೆ ಅಧಿಕಾರಿಗಳ ಬಂಗಲೆಗಳು, ಕ್ಲಬ್ಬು. ಇನ್ನೊಂದು ಕಡೆ ಕಾರ್ಮಿಕರ ಸಾಲುಮನೆಗಳು. ಅಂಗಳದ ಅಳತೆಯಲ್ಲೇ ಅಂತರ ತಿಳಿಯುತ್ತದೆ.

ಮಕ್ಕಳನ್ನು ಬೆರಗುಗೊಳಿಸಿದುದು ಸೈನೈಡ್ ದಿಬ್ಬಗಳು. ಗುಡ್ಡಗಳೆಂದು ತೋರುವ ಅವು ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಕಸ. ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಚಿನ್ನ ಸಿಗುತ್ತಿತ್ತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಶಾಖ, ಒತ್ತಡದಿಂದ ಸಿಡಿಯುವ ಬಂಡೆ, ಶ್ವಾಸಕೋಶವನ್ನು ತಿನ್ನುವ ಕಲ್ಲುಧೂಳು. ಪೃಥ್ವೀಕಾಯ ಜೀವಗಳ ಮಾತಿರಲಿ, ಪಂಚೇಂದ್ರಿಯ ಜೀವವಾದ ಮನುಷ್ಯನೇ ಆ ಕತ್ತಲಲ್ಲಿ ಸವೆದ. ಕಂಪನಿಯ ಲೆಕ್ಕದಲ್ಲಿ ಯಂತ್ರಗಳ ಸವಕಳಿಗೆ ಒಂದು ಬಾಬ್ತು ಇದ್ದಿರಲೇಬೇಕು. ಎದೆಗೂಡಿನ ಸವಕಳಿಯನ್ನು ಯಾವ ಬಾಬ್ತಿಗೆ ಬರೆಯುವುದು?

“ಅಜ್ಜಿ, ನಿಮ್ಮ ಬಳೆಯ ಚಿನ್ನವೂ ಇಲ್ಲಿಯದೆ?” ಎಂದು ಮೊಮ್ಮಗಳು ಕೇಳಿದಳು.

“ಯಾರಿಗೆ ಗೊತ್ತಮ್ಮ? ನಮ್ಮತ್ತೆಯ ಕಾಲದ್ದು, ಎಷ್ಟು ಸಲ ಕರಗಿಸಿದ್ದೋ.”

ಗೊತ್ತಿಲ್ಲವೆಂಬ ಈ ಮಾತು ಸಾಮಾನ್ಯ ಸಮಾಧಾನ. ಕೊಂಡವನು ಅಗೆಯಲಿಲ್ಲ, ಅಗೆಯೆಂದು ಹೇಳಲೂ ಇಲ್ಲ ಎಂದು ವಾದಿಸಬಹುದು. ಆದರೆ ಶಾಸ್ತ್ರವು ಕೃತ, ಕಾರಿತಗಳಲ್ಲಿ ನಿಲ್ಲದೆ ಅನುಮತವನ್ನೂ ಎಣಿಸುತ್ತದೆ. ಜ್ಞಾತಭಾವ-ಅಜ್ಞಾತಭಾವಗಳಿಂದ ಆಸ್ರವದಲ್ಲಿ ಭೇದವುಂಟೆಂದೂ ಸೂತ್ರಕಾರರು ತಿಳಿಸಿದ್ದಾರೆ. ತಿಳಿಯದೆ ತೊಟ್ಟ ಅಜ್ಜಿಯ ಬಳೆ ಬೇರೆ. ದಿಬ್ಬಗಳನ್ನು ಕಣ್ಣಾರೆ ಕಂಡು ಬಂದವರು ಕೊಳ್ಳುವ ಹೊಸ ಸರ ಬೇರೆ. ಚಿನ್ನ ಒಂದೇ ಆದರೂ ಭಾವ ಒಂದಲ್ಲ.

ಹಾಗೆಂದು ಕೊಳ್ಳದಿದ್ದರೆ ಅಹಿಂಸೆ ಪೂರ್ಣವಾಯಿತೆಂದು ಎಣಿಸುವುದೂ ಅವಸರದ ಮಾತೇ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸ್ಫೋಟಕರ್ಮ ನಿಂತಿತು, ಅನ್ನವೂ ನಿಂತಿತು. ನಸುಕಿನಲ್ಲಿ ಟೇಕಲ್ ಮೂಲಕ ಬೆಂಗಳೂರಿಗೆ ಹೋಗುವ ರೈಲುಗಳಲ್ಲಿ ಆ ಗಣಿಯವರ ಮಕ್ಕಳು ದಿನಗೂಲಿಗೂ ಸಣ್ಣ ನೌಕರಿಗೂ ನಿಂತೇ ಪ್ರಯಾಣಿಸುತ್ತಾರೆ. ಅವರ ಹಿರಿಯರು ತೆಗೆದ 800 ಟನ್ನಿಗೂ ಮಿಕ್ಕಿದ ಚಿನ್ನ ಎಲ್ಲಿಯೂ ನಾಶವಾಗಿಲ್ಲ. ತಿಜೋರಿಗಳಲ್ಲಿ, ಕೊರಳುಗಳಲ್ಲಿ ಇದ್ದೇ ಇದೆ. ಅದನ್ನೇ ಕರಗಿಸಿಕೊಂಡರೆ ಹೊಸದಾಗಿ ನೆಲ ಸೀಳಬೇಕಾಗಿಲ್ಲ.

ಆ ಕುಟುಂಬ ಹಳೆಯ ಒಡವೆಗಳನ್ನೇ ಅಕ್ಕಸಾಲಿಗನಿಗೆ ಕೊಟ್ಟಿತು. ಬೀಗರು ಸ್ವಲ್ಪ ಮುನಿದರೆಂಬುದನ್ನು ಮರೆಮಾಚಬೇಕಾಗಿಲ್ಲ. ಗೃಹಸ್ಥರಿಗಿಂತ ದೊಡ್ಡ ಗಿರಾಕಿಗಳು ಕಲಶಕ್ಕೂ ಪ್ರಭಾವಳಿಗೂ ಚಿನ್ನದ ಲೇಪ ಮಾಡಿಸುವ ಬಸದಿಗಳ ಟ್ರಸ್ಟುಗಳು. ಅವುಗಳ ವಾರ್ಷಿಕ ಜಮಾಖರ್ಚಿನಲ್ಲಿ ಭಕ್ತರು ಒಪ್ಪಿಸಿದ ಹಳೆಯ ಚಿನ್ನ ಇಷ್ಟು, ಪೇಟೆಯಿಂದ ಕೊಂಡ ಹೊಸದು ಇಷ್ಟು ಎಂದು ಎರಡು ಕಲಂಗಳನ್ನು ಬೇರೆ ಬೇರೆಯಾಗಿ ತೋರಿಸಲು ಯಾವ ಲೆಕ್ಕಪರಿಶೋಧಕನೂ ಅಡ್ಡಿಪಡಿಸಲಾರ.