ಒಂದು ದಿನದ ನಿಯತ್ತು

ಅರಬಿಯಿಂದ ಉರ್ದುವಿಗೆ ಬಂದ ‘ನೀಯತ್’ ಎಂಬ ಮಾತಿಗೆ ಉದ್ದೇಶ, ಸಂಕಲ್ಪ ಎಂದು ಅರ್ಥ. ಅದೇ ಮಾತು ಕನ್ನಡಕ್ಕೆ ಇಳಿದು ‘ನಿಯತ್ತು’ ಆಗಿ, ಪ್ರಾಮಾಣಿಕತೆ, ನಂಬಿದವರಿಗೆ ಎರಡು ಬಗೆಯದಿರುವುದು ಎಂಬ ಅರ್ಥ ಪಡೆಯಿತು. ಸಾಮಾನ್ಯವಾಗಿ ಇವೆರಡೂ ಒಟ್ಟಿಗೇ ಇರುತ್ತವೆ. ಆದರೆ ಉದ್ದೇಶ ಒಳ್ಳೆಯದಿದ್ದೂ ನಿಯತ್ತು ತಪ್ಪಬಹುದೇ? ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಹಳೆಯ ಕಾರುಗಳಿಗೆ ನಡೆಯುವ ಹೊಗೆ ತಪಾಸಣೆಯಲ್ಲಿ ಈ ಪ್ರಶ್ನೆ ದಿನವೂ ಎದುರಾಗುತ್ತದೆ.

ಕೆಲಸಕ್ಕೆಂದು ಅಲ್ಲಿಗೆ ಹೋಗಿ, ಮೊದಲಿಗೆ ಹಳೆಯ ಕಾರು ಕೊಂಡ ನಮ್ಮ ಕಡೆಯ ಹುಡುಗರಿಗೆ ‘ಸ್ಮಾಗ್ ಚೆಕ್’ ಎಂದರೆ ಚೆನ್ನಾಗಿ ಗೊತ್ತು. 1984ರಲ್ಲಿ ಶುರುವಾದ ಪದ್ಧತಿ ಇದು. 1976 ಮತ್ತು ನಂತರದ ಮಾದರಿಯ ಪೆಟ್ರೋಲ್ ಕಾರುಗಳು, ತೀರಾ ಹೊಸವನ್ನು ಬಿಟ್ಟರೆ, ರಾಜ್ಯದ ಬಹುಭಾಗದಲ್ಲಿ ಎರಡು ವರ್ಷಕ್ಕೊಮ್ಮೆ ಇದರಲ್ಲಿ ಪಾಸಾಗಬೇಕು. ಇಲ್ಲದಿದ್ದರೆ ನೋಂದಣಿ ನವೀಕರಣವಾಗುವುದಿಲ್ಲ. ನಮ್ಮಲ್ಲಿ ಪೆಟ್ರೋಲ್ ಬಂಕಿನ ಮೂಲೆಯವನು ಸೈಲೆನ್ಸರಿನೊಳಗೆ ಕಡ್ಡಿ ತೂರಿಸಿ, ನಂಬರ್ ಪ್ಲೇಟಿನ ಫೋಟೋ ಹಿಡಿದು ಕಾಗದ ಕೊಡುತ್ತಾನೆ. (ಕೆಲವೊಮ್ಮೆ ಕಡ್ಡಿ ತೂರಿಸುವ ಶ್ರಮವೂ ಇರುವುದಿಲ್ಲ.) ಅಲ್ಲಿ ಹೊಗೆ ಅಳೆಯುವುದರ ಜೊತೆಗೆ ಬಾನೆಟ್ ತೆರೆದು ಒಳಗನ್ನೂ ನೋಡುತ್ತಾರೆ.

ತೊಡಕು ಇರುವುದು ಆ ಬಾನೆಟ್ಟಿನ ಕೆಳಗೆ. ಒಬ್ಬ ಯುವಕ ತನ್ನ 1990ರ ದಶಕದ ಕಾರಿಗೆ ಗಾಳಿ ಎಳೆಯುವ ಹೊಸ ಕೊಳವೆ ಹಾಕಿಸಿದ್ದಾನೆ ಎಂದುಕೊಳ್ಳಿ. ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಗಂಟೆಗೆ 15 ಮತ್ತು 25 ಮೈಲಿ ವೇಗದಲ್ಲಿ ಓಡಿಸಿ ಹೊಗೆ ಅಳೆದರು. ಎಲ್ಲ ಅಂಕಿಗಳೂ ಮಿತಿಯೊಳಗಿವೆ. ಆದರೂ ಕಾರು ಫೇಲು. ಏಕೆಂದರೆ ಆ ಕೊಳವೆಯ ಮೇಲೆ ರಾಜ್ಯದ ವಾಯು ಮಂಡಳಿ ಕೊಡುವ ಅನುಮತಿ ಸಂಖ್ಯೆ ಇಲ್ಲ.

ಅವನಿಗೆ ಸಿಟ್ಟು ಬರುವುದು ಸಹಜ. ಮನೆಗೆ ಹೋಗಿ, ಗ್ಯಾರೇಜಿನಲ್ಲಿ ಎತ್ತಿಟ್ಟಿದ್ದ ಹಳೆಯ ಕೊಳವೆಯನ್ನು ಜೋಡಿಸುತ್ತಾನೆ. ಮರುದಿನ ಪಾಸಾಗುತ್ತಾನೆ. ಸಂಜೆ ಮತ್ತೆ ಹೊಸದನ್ನು ಹಾಕುತ್ತಾನೆ. “ನಾನು ಗಾಳಿಯನ್ನು ಕೆಡಿಸಿಲ್ಲ, ಕಾಗದವನ್ನು ತೃಪ್ತಿಪಡಿಸಿದೆ ಅಷ್ಟೆ” ಎನ್ನುವುದು ಅವನ ವಾದ. ಉರ್ದುವಿನ ನೀಯತ್ ಅವನಲ್ಲಿದೆ ಎಂದೇ ಒಪ್ಪೋಣ. ಕನ್ನಡದ ನಿಯತ್ತು?

ನನಗೆ ಅವನ ವಾದ ಅರ್ಧ ಮಾತ್ರ ಒಪ್ಪಿಗೆ. ಎರಡು ವೇಗದಲ್ಲಿ, ಕೆಲವೇ ನಿಮಿಷ ಅಳೆದ ಹೊಗೆ ಆ ಹೊತ್ತಿನ ಹೊಗೆಯಷ್ಟೇ. ಹೆದ್ದಾರಿಯಲ್ಲಿ, ಏರಿನಲ್ಲಿ, ತಣ್ಣಗಿನ ಎಂಜಿನ್ ಶುರುಮಾಡಿದಾಗ ಏನಾಗುತ್ತದೆಂದು ಆ ಅಂಕಿ ಹೇಳದು. ತನ್ನ ಕಾರಿನ ಹೊಗೆಗೆ ತಾನೇ ಸಾಕ್ಷಿ ನಿಲ್ಲುವುದು ಯಾರಿಗೂ ಸಲ್ಲ, ಉಸಿರಾಡುವವರು ಬೇರೆಯವರು. ಹಾಗೆ ನೋಡಿದರೆ ವಾಹನದ ಹೊಗೆಯ ಕೇಡು ಕಣ್ಣಿಗೆ ಕಾಣುವುದೇ ಕಷ್ಟ. 1943ರ ಬೇಸಿಗೆಯಲ್ಲಿ ಲಾಸ್ ಏಂಜಲೀಸಿನ ಜನ ಕಣ್ಣುರಿಯಿಂದ ಒದ್ದಾಡಿದಾಗ ದೂರು ಹೋದದ್ದು ಒಂದು ಕಾರ್ಖಾನೆಯ ಮೇಲೆ. 1950ರ ದಶಕದ ಆರಂಭದಲ್ಲಿ ಆರಿ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ರಸಾಯನಶಾಸ್ತ್ರಜ್ಞ, ಅನಾನಸಿನ ಪರಿಮಳದ ಸಂಶೋಧನೆ ಬದಿಗಿಟ್ಟು ಈ ಮಬ್ಬಿನ ಹಿಂದೆ ಬಿದ್ದ. ಕಾರು ಉಗುಳುವ ಅನಿಲಗಳು ಬಿಸಿಲಿನಲ್ಲಿ ಬೆರೆತು ವಿಷವಾಗುತ್ತವೆಂದು ತೋರಿಸಿದ. ಕಾರಿನವರಾರೂ ಬೇಕೆಂದು ಮಾಡಿದ್ದಲ್ಲ. ಎಲ್ಲರ ನೀಯತ್ತೂ ಸರಿಯೇ ಇತ್ತು.

ಇನ್ನು ತಪಾಸಣೆಗಷ್ಟೇ ಸಾಚಾ ಆಗುವ ಬುದ್ಧಿ ಬೆಳೆದರೆ ಎಲ್ಲಿಗೆ ಮುಟ್ಟುತ್ತದೆಂಬುದು 2015ರಲ್ಲಿ ಬಯಲಾಯಿತು. ಫೋಕ್ಸ್‌ವ್ಯಾಗನ್ ಕಂಪನಿ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಒಂದು ತಂತ್ರಾಂಶ ಇಟ್ಟಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ಅದಕ್ಕೆ ಗೊತ್ತಾಗುತ್ತಿತ್ತು. ಆಗ ಶುದ್ಧ ಹೊಗೆ, ರಸ್ತೆಗಿಳಿದರೆ ಬೇರೆಯೇ. ಕೊಳವೆ ಬದಲಿಸುವ ಯುವಕನನ್ನೂ ಈ ಕಂಪನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಉಪಾಯ ಒಂದೇ.

ಯುವಕನಿಗೆ ದಾರಿಯೇ ಇಲ್ಲವೆಂದಲ್ಲ. ಅನುಮತಿ ಸಂಖ್ಯೆ ಇರುವ ಕೊಳವೆಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಎಂಜಿನ್ನನ್ನೇ ಬದಲಿಸಿದವರಿಗೂ ರಾಜ್ಯವು ‘ರೆಫರಿ’ಗಳನ್ನು ಇಟ್ಟಿದೆ. ಹಾಕಿದ ಎಂಜಿನ್ ಕಾರಿನಷ್ಟೇ ಅಥವಾ ಅದಕ್ಕಿಂತ ಹೊಸ ಮಾದರಿಯದಾಗಿದ್ದು, ಹೊಗೆ ತಡೆಯುವ ಅದರ ಸಾಧನಗಳೆಲ್ಲ ಜೊತೆಗಿದ್ದರೆ ಪರೀಕ್ಷಿಸಿ, ಒಪ್ಪಿಗೆಯ ಚೀಟಿ ಅಂಟಿಸಿ ಕಳಿಸುತ್ತಾರೆ. ಕಾರು ಮಾರ್ಪಡಿಸುವವನು ತಾನು ಮಾಡಿದ್ದನ್ನು ಹೇಳಿಕೊಂಡೇ ಪಾಸಾಗುವ ಬಾಗಿಲು ಅದು. ನನಗೆ ಈ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಹಿಡಿಸದ್ದೂ ಇದೆ. ಷೋಕಿಗೆ ಕಾರು ತಿದ್ದುವವನ ಗ್ಯಾರೇಜಿನಲ್ಲಿ ಹಳೆಯ ಭಾಗ ಎತ್ತಿಟ್ಟಿರುತ್ತದೆ. ಇಪ್ಪತ್ತೈದು ವರ್ಷದ ಕಾರಿನಲ್ಲಿ ಕೂಲಿಗೆ ಹೋಗುವವನ ಬಳಿ ಇರುವುದು ಸವೆದ ಒಂದೇ ಕ್ಯಾಟಲಿಟಿಕ್ ಕನ್ವರ್ಟರ್. ಕ್ಯಾಲಿಫೋರ್ನಿಯ ಒಪ್ಪುವಂಥದ್ದು ಬೇರೆ ರಾಜ್ಯಗಳಲ್ಲಿ ಸಿಗುವುದಕ್ಕಿಂತ ತುಂಬಾ ದುಬಾರಿ. ಅವನು ಏನನ್ನೂ ಮಾರ್ಪಡಿಸಿಲ್ಲ, ಯಾರನ್ನೂ ವಂಚಿಸಿಲ್ಲ. ಆದಾಯ ಕಡಿಮೆ ಇರುವವರಿಗೆ ದುರಸ್ತಿಯ ಖರ್ಚಿನಲ್ಲಿ ಪಾಲು ಕೊಡುವ ಸರ್ಕಾರಿ ಯೋಜನೆಯೊಂದಿದೆ, ನಿಜ. ಆದರೆ ಅರ್ಜಿ ಮಂಜೂರಾಗುವ ತನಕ ಕೆಲಸಕ್ಕೆ ಹೋಗುವುದು ಹೇಗೆ? 2025ರಲ್ಲಿ ಅಲ್ಲಿ ವಿನಾಯಿತಿ ಕೋರುವ ಮಸೂದೆಯೊಂದು ಬಂತು. ಕಾರುಗಳ ದೊಡ್ಡ ಸಂಗ್ರಹವಿರುವ ಹಾಸ್ಯನಟ ಜೇ ಲೆನೋ ಅದರ ಪರ ನಿಂತಿದ್ದ. ವಿಧಾನಸಭೆಯ ಸಮಿತಿಯಲ್ಲಿ ಅದು ನಿಂತುಹೋಯಿತು. ಅದು ವಿನಾಯಿತಿ ಕೇಳಿದ್ದು ಸಂಗ್ರಹಕಾರರ ಹಳೆಯ ಕಾರುಗಳಿಗೆ, ಬೆಳಗಿನ ಪಾಳಿಗೆ ಹೊರಟವನ ಕಾರಿಗಲ್ಲ.